ಗುಲಾಮಗಿರಿಯ ಪಾಠ: ಚಾವಟಿಗಿಂತ ಮೊದಲು ಪಡಿತರದ ಪುಟ ಓದಿಸಿ

ಪದವಿ ತರಗತಿಯಲ್ಲಿ ಅಮೆರಿಕದ ಗುಲಾಮಗಿರಿಯ ಪಾಠ ಬಂದಾಗ ಸಾಮಾನ್ಯವಾಗಿ ಚಾವಟಿ ಏಟಿನ ಪ್ರಸಂಗವನ್ನೇ ಮೊದಲು ಓದಿಸುತ್ತೇವೆ. ಮಕ್ಕಳು ಮರುಗುತ್ತಾರೆ ನಿಜ. ಆದರೆ ಇದು ಯಾರೋ ಕೆಲವು ಕಟುಕರ ಕೆಟ್ಟತನ ಎಂದುಕೊಂಡು ಎದ್ದುಹೋಗುತ್ತಾರೆ. ಅದೊಂದು ಲೆಕ್ಕಾಚಾರದ ವ್ಯವಸ್ಥೆ ಎಂಬುದು ಮನಸ್ಸಿಗೆ ಇಳಿಯಬೇಕಾದರೆ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಾಸ್ 1845ರಲ್ಲಿ ಪ್ರಕಟಿಸಿದ ಆತ್ಮಕಥೆಯ ಎರಡನೇ ಅಧ್ಯಾಯದಿಂದ ಶುರು ಮಾಡಬೇಕು.

ಮೇರಿಲ್ಯಾಂಡಿನ ತೋಟವೊಂದರ ಪಡಿತರ ಅಲ್ಲಿದೆ. ದುಡಿಯುವ ಆಳಿಗೆ ತಿಂಗಳಿಗೆ ಎಂಟು ಪೌಂಡ್ ಹಂದಿಮಾಂಸ ಇಲ್ಲವೇ ಅದಕ್ಕೆ ಸಮನಾದ ಮೀನು, ಜೊತೆಗೆ ಒಂದು ಬುಶೆಲ್, ಅಂದರೆ ಸುಮಾರು 35 ಲೀಟರ್ ಅಳತೆಯ ಮೆಕ್ಕೆಜೋಳದ ಹಿಟ್ಟು. ವರ್ಷಕ್ಕೆ ಎರಡು ಒರಟು ಅಂಗಿ, ಎರಡು ಪ್ಯಾಂಟು, ಒಂದು ಜಾಕೆಟ್, ಒಂದು ಜೊತೆ ಕಾಲುಚೀಲ, ಒಂದು ಜೊತೆ ಶೂ. ಬಟ್ಟೆಬರೆಯ ಒಟ್ಟು ಖರ್ಚು ಏಳು ಡಾಲರ್ ದಾಟುತ್ತಿರಲಿಲ್ಲ. ಗದ್ದೆಗೆ ಇಳಿಯಲಾಗದ ಮಕ್ಕಳಿಗೆ ವರ್ಷಕ್ಕೆ ಎರಡೇ ಅಂಗಿ. ಹರಿದುಹೋದರೆ ಮುಂದಿನ ಹಂಚಿಕೆಯವರೆಗೆ ಬತ್ತಲೆ. ಬೋರ್ಡಿನ ಮೇಲೆ ಲೆಕ್ಕ ಹಾಕಿಸಿ: ಮಾಂಸ ದಿನಕ್ಕೆ 120 ಗ್ರಾಂ. ಆಮೇಲೆ ಮುಂದಿನ ಸಾಲುಗಳಿಗೆ ಬನ್ನಿ. ಹಾಸಿಗೆ ಇಲ್ಲದ್ದಕ್ಕಿಂತ ನಿದ್ದೆಗೆ ಹೊತ್ತೇ ಸಿಗದ್ದು ದೊಡ್ಡ ಕಷ್ಟ ಎನ್ನುತ್ತಾರೆ ಡಗ್ಲಾಸ್. ಗದ್ದೆಯಿಂದ ಬಂದ ಮೇಲೆಯೇ ಒಗೆತ, ಹೊಲಿಗೆ, ಅಡುಗೆ. ಬೆಳಗಿನ ಕೊಂಬಿನ ಸದ್ದಿಗೆ ಏಳದವರಿಗಾಗಿ ಮೇಸ್ತ್ರಿ ಬಾಗಿಲಲ್ಲೇ ಕೋಲು, ಚಾವಟಿ ಹಿಡಿದು ನಿಂತಿರುತ್ತಿದ್ದ. ಏಟು ಯಾಕೆ ಬೀಳುತ್ತಿತ್ತು ಎಂದು ಆಗ ಬಿಡಿಸಿ ಹೇಳಬೇಕಾಗುವುದಿಲ್ಲ.

ಎರಡನೇ ದಿನದ ತರಗತಿಯನ್ನು ಮುನ್ನುಡಿಗಳಿಗೇ ಇಡಿ. ಡಗ್ಲಾಸ್ ತಾವೇ ಬರೆದರೂ ಓದುಗರು ನಂಬಲೆಂದು ಮೊದಲಿಗೆ ಗುಲಾಮಗಿರಿ ವಿರೋಧಿ ಬಿಳಿಯ ಹೋರಾಟಗಾರ ಗ್ಯಾರಿಸನ್ ಅವರ ಮುನ್ನುಡಿ ಬೇಕಾಯಿತು. ಸ್ವತಂತ್ರ ಕಪ್ಪು ವ್ಯಕ್ತಿಯಾಗಿದ್ದು 1841ರಲ್ಲಿ ವಾಷಿಂಗ್ಟನ್ನಿನಲ್ಲಿ ಅಪಹರಣಕ್ಕೊಳಗಾಗಿ ಗುಲಾಮನಾಗಿ ಮಾರಾಟವಾದ ಸಾಲೊಮನ್ ನಾರ್ಥಪ್ ಹೇಳಿದ್ದನ್ನು ವಕೀಲ ಡೇವಿಡ್ ವಿಲ್ಸನ್ ಬರೆದರು. ವೆಸ್ಟ್ ಇಂಡೀಸ್ ಕಡೆ ಗುಲಾಮಳಾಗಿದ್ದ ಮೇರಿ ಪ್ರಿನ್ಸ್ ಅವರ 1831ರ ಕಥನವೂ ಹೇಳಿ ಬರೆಸಿದ್ದೇ. ಇದನ್ನು ತಿಳಿಸಿದ ಕೂಡಲೇ ಕೆಲವು ವಿದ್ಯಾರ್ಥಿಗಳು ‘ಹಾಗಾದರೆ ನಂಬೋದು ಹೇಗೆ ಸರ್?’ ಎಂದು ಪೂರ್ತಿ ಕೈಬಿಡುತ್ತಾರೆ. ಅವರಿಗೆ ಗುಲಾಮಗಿರಿಯಿಂದ ತಪ್ಪಿಸಿಕೊಂಡ ಹ್ಯಾರಿಯೆಟ್ ಜೇಕಬ್ಸ್ ಅವರ ಉದಾಹರಣೆ ಕೊಡಿ. 1861ರಲ್ಲಿ ಲಿಂಡಾ ಬ್ರೆಂಟ್ ಎಂಬ ಹೆಸರಿನಲ್ಲಿ ಹೊರಬಂದ ಅವರ ಪುಸ್ತಕವನ್ನು ಎಷ್ಟೋ ಇತಿಹಾಸಕಾರರು ಕಾದಂಬರಿ ಎಂದೇ ಬದಿಗಿಟ್ಟಿದ್ದರು. ಸಂಶೋಧಕಿ ಜೀನ್ ಫೇಗನ್ ಯೆಲಿನ್ ಪತ್ರಗಳನ್ನೂ ಊರಿನ ದಾಖಲೆಗಳನ್ನೂ ಒಂದೊಂದಾಗಿ ತಾಳೆ ನೋಡಿ, 1987ರ ಆವೃತ್ತಿಯಲ್ಲಿ ಅದು ನಡೆದ ಬದುಕೆಂದು ತೋರಿಸಿಕೊಟ್ಟರು. ಅನುಮಾನ ಬಂದರೆ ದಾಖಲೆಗೆ ಹೋಗಬೇಕು, ಪುಸ್ತಕ ಮುಚ್ಚಬಾರದು.

ಜೇಕಬ್ಸ್ ಸುಮಾರು ಏಳು ವರ್ಷ ಅಜ್ಜಿಯ ಮನೆಯ ಅಟ್ಟದಲ್ಲಿ ಅಡಗಿದ್ದರು. ಒಂಬತ್ತು ಅಡಿ ಉದ್ದ, ಏಳು ಅಡಿ ಅಗಲ. ಅತಿ ಎತ್ತರದ ಕಡೆಯೂ ಮೂರೇ ಅಡಿ, ಅಲ್ಲಿಂದ ಇಳಿಜಾರು. ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ, ಮೂರಡಿಗೆ ದಾರ ಕಟ್ಟಿ. ಅಷ್ಟು ಸಾಕು. ಯಾರನ್ನೂ ಒಳಗೆ ಮಲಗಿಸಬೇಡಿ, ಹರಾಜಿನ ಅಣಕು ನಾಟಕವಂತೂ ಬೇಡವೇ ಬೇಡ. ಇನ್ನೊಬ್ಬರ ಸಂಕಟ ಅಲ್ಲಿ ಆಟವಾಗಿಬಿಡುತ್ತದೆ. ಆಕೆ ಬೈರಿಗೆಯಿಂದ ತೂತು ಕೊರೆದು ಬೀದಿಯಲ್ಲಿ ಓಡಾಡುವ ತನ್ನ ಮಕ್ಕಳನ್ನು ನೋಡುತ್ತಿದ್ದ ಭಾಗವನ್ನು ದಾರದ ಪಕ್ಕದಲ್ಲೇ ನಿಂತು ಓದಿಸಿ.

ಹೇಳದೆ ಬಿಟ್ಟದ್ದನ್ನೂ ಗುರುತು ಹಾಕಿಸಿ. 1838ರಲ್ಲಿ ತಾವು ತಪ್ಪಿಸಿಕೊಂಡ ದಾರಿಯನ್ನು ಡಗ್ಲಾಸ್ ಪೂರ್ತಿಯಾಗಿ ಬಿಚ್ಚಿಟ್ಟದ್ದು 1881ರಲ್ಲಿ. ಮೊದಲೇ ಹೇಳಿದ್ದರೆ ನೆರವಾದವರಿಗೆ ಕುತ್ತು, ಹಿಂದೆ ಬರಬೇಕಾದವರಿಗೆ ದಾರಿ ಬಂದ್.

ನಮ್ಮ ತರಗತಿಗಳಲ್ಲಿ ‘ಇದು ಜೀತದ ಹಾಗೇ ಅಲ್ಲವಾ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ತಳ್ಳಿಹಾಕಬೇಡಿ, ವ್ಯತ್ಯಾಸವನ್ನು ತೋರಿಸಿ. ಜೀತಕ್ಕೆ ಸಾಲವೆಂಬ ನೆಪವಾದರೂ ಇತ್ತು. ಅಮೆರಿಕದ ಗುಲಾಮಗಿರಿಯಲ್ಲಿ ಮನುಷ್ಯರೇ ಆಸ್ತಿ. 1662ರ ವರ್ಜೀನಿಯಾ ಕಾನೂನಿನ ಪ್ರಕಾರ ತಾಯಿ ಗುಲಾಮಳಾದರೆ ಮಗುವೂ ಗುಲಾಮ, ಹಾಗಾಗಿ ಒಡೆಯನಿಗೇ ಹುಟ್ಟಿದ ಮಗು ಕೂಡ ಅವನ ಆಸ್ತಿಗೆ ಸೇರುತ್ತಿತ್ತು. ಜೇಕಬ್ಸ್ ಅಟ್ಟ ಹತ್ತಿದ್ದು ತಮ್ಮ ಮೇಲೆ ಕಣ್ಣಿಟ್ಟು ಬೆನ್ನು ಬಿದ್ದ ಒಡೆಯನಿಂದ ತಪ್ಪಿಸಿಕೊಳ್ಳಲು. ಸಮಯ ಸಾಲದೆಂದು ಗಂಡಸರ ಕಥನಗಳನ್ನಷ್ಟೇ ಓದಿಸಿದರೆ ಈ ಕಾನೂನು ಹೆಂಗಸರ ಮೈಮೇಲೆ ಹೇಗೆ ಎರಗಿತು ಎಂಬುದು ವಿದ್ಯಾರ್ಥಿಗಳಿಗೆ ಕಾಣುವುದೇ ಇಲ್ಲ.