ಅವರು ಈ ಕೆಲಸ ಯಾಕೆ ಬಿಡಲ್ಲ?

ನಾನು ಹಾವೇರಿ ಜಿಲ್ಲೆಯ ಒಬ್ಬ ಟೀಚರ್. ಪೌರಕಾರ್ಮಿಕರ ಓಣಿಯ ಮಕ್ಕಳಿಗೆ ಸಂಜೆ ಪಾಠ ಹೇಳುತ್ತೇನೆ. ಅದು ಗೊತ್ತಾದವರೆಲ್ಲ ನನ್ನನ್ನು ಕೇಳುವುದು ಒಂದೇ ಮಾತು: "ಕಾನೂನು ಇದೆ, ಮೀಸಲಾತಿ ಇದೆ. ಆದರೂ ಇವರು ಈ ಹೊಲಸು ಕೆಲಸ ಯಾಕೆ ಬಿಡಲ್ಲ?"

ಕಾನೂನು ಇರುವುದು ನಿಜ. ತಲೆ ಮೇಲೆ ಮಲ ಹೊರುವುದನ್ನು ಕರ್ನಾಟಕ 1970ರ ದಶಕದಲ್ಲೇ ನಿಷೇಧಿಸಿತು, ಬಿ. ಬಸವಲಿಂಗಪ್ಪ ಮಂತ್ರಿಯಾಗಿದ್ದಾಗ. 1993ರಲ್ಲಿ ಕೇಂದ್ರದ ಕಾಯ್ದೆ ಬಂತು, 2013ರಲ್ಲಿ ಇನ್ನೊಂದು. ಆದರೆ 2010ರ ಜುಲೈನಲ್ಲಿ ನಮ್ಮ ಸವಣೂರಿನಲ್ಲಿ ತಲೆಮಾರುಗಳಿಂದ ಮಲ ಬಳಿಯುವ ಕೆಲಸಕ್ಕೇ ಕಟ್ಟಿಬಿದ್ದ ಭಂಗಿ ಸಮುದಾಯದ ಕೆಲವರು ಪುರಸಭೆ ಮುಂದೆ ಮೈಗೆಲ್ಲ ಮಲ ಸುರಿದುಕೊಂಡು ನಿಂತರು. ಎಷ್ಟೋ ವರ್ಷದಿಂದ ಬಾಳಿದ್ದ ಜಾಗದಿಂದ ಅವರನ್ನು ಎಬ್ಬಿಸಲು ಹೊರಟಿದ್ದರು, ಅದಕ್ಕೆ. ಜನಕ್ಕೆ ನೆನಪಿರುವುದು ಆ ಮಲ. ಅವರು ಕೇಳಿದ್ದು ಮಾತ್ರ ಇರಲು ಒಂದು ಸೂರು.

ನನ್ನ ಉತ್ತರವೂ ಅಲ್ಲಿಂದಲೇ ಶುರುವಾಗುತ್ತದೆ. ಕೆಲಸ ಬಿಟ್ಟು ಎಲ್ಲಿಗೆ ಹೋಗಬೇಕು? ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆ ಕೇಳಲು ಹೋದರೆ ಅಡ್ವಾನ್ಸ್ ಮಾತಿಗಿಂತ ಮೊದಲು ಬರುವುದು "ನೀವು ಯಾವ ಮಂದಿ?" ಅನ್ನುವ ಪ್ರಶ್ನೆ. ಉತ್ತರ ಕೇಳಿದ ಮೇಲೆ "ಇಲ್ರೀ, ಊರಿಂದ ನಮ್ಮ ತಮ್ಮ ಬರಾಂವ ಅದಾನ" ಅನ್ನುತ್ತಾರೆ. ಬಾಗಿಲು ಮುಚ್ಚುವುದು ಇಷ್ಟು ಮೆತ್ತಗೆ.

ನಮ್ಮ ಓಣಿಯ ಒಬ್ಬರು ಚಹಾದ ಗಾಡಿ ಹಾಕಿದರು. ಎರಡು ದಿನ ವ್ಯಾಪಾರ ಚೆನ್ನಾಗಿ ನಡೆಯಿತು. ಮೂರನೇ ದಿನ ಯಾರೋ ಗುರುತು ಹಿಡಿದು, "ಇವ ಗಟಾರ ಬಳಿಯಾಂವ ಅಲ್ಲೇನು?" ಅಂದರು. ಅವತ್ತು ಹಾಲು ಹಾಗೇ ಉಳಿಯಿತು. ಮಾರನೇ ದಿನವೂ ಉಳಿಯಿತು. ತಿಂಗಳು ಮುಗಿಯುವ ಮೊದಲೇ ಗಾಡಿ ಮಾರಿದರು. 2013ರ ಕಾಯ್ದೆಯ ಪ್ರಕಾರ, ಮಲ ಬಳಿಯುವ ಕೆಲಸದಲ್ಲಿದ್ದವರೆಂದು ಗುರುತಿಸಿದವರಿಗೆ ಒಂದು ಸಲ 40,000 ರೂಪಾಯಿ ನೆರವು ಕೊಡುತ್ತಾರೆ. ಅಷ್ಟು ದುಡ್ಡಿಗೆ ಒಂದು ಗಾಡಿ ಬರುತ್ತದೆ. ಅವರ ಕೈಯಿಂದ ಚಹಾ ಕುಡಿಯುವ ಮಂದಿಯನ್ನು ಎಲ್ಲಿಂದ ತರುವುದು?

ಈಗ ಅವರು ಮತ್ತೆ ಬೆಳಗಿನ ಜಾವ ಐದಕ್ಕೆ ಪೊರಕೆ ಹಿಡಿದು ಹೋಗುತ್ತಾರೆ. ಸಾಲ ಬೇರೆ ಇದೆ. ಕೆಲಸವನ್ನು ಅವರು ಬಿಟ್ಟಿದ್ದರು, ಊರು ಅವರನ್ನು ಬಿಡಲಿಲ್ಲ. ಅದಕ್ಕೇ ಈ ಪ್ರಶ್ನೆಯನ್ನು ಅವರಿಗೆ ಕೇಳಬೇಡಿ ಅನ್ನುತ್ತೇನೆ. ಮನೆ ಬಾಡಿಗೆ ಕೊಡುವವರನ್ನು ಕೇಳಿ, ಆ ಗಾಡಿ ದಾಟಿ ಮುಂದಿನ ಅಂಗಡಿಗೆ ಹೋದವರನ್ನು ಕೇಳಿ.

ಅವರ ಮಗ ಪಿಯುಸಿ ಪಾಸಾಗಿದ್ದಾನೆ, ಒಳ್ಳೆಯ ಅಂಕಗಳೇ ಬಂದಿವೆ. ಎರಡು ಕಡೆ ಇಂಟರ್‌ವ್ಯೂ ಚೆನ್ನಾಗಿಯೇ ಆಗಿತ್ತು. ಓಣಿಯ ಹೆಸರು ಹೇಳಿದ ಮೇಲೆ ಫೋನ್ ಬರಲಿಲ್ಲ. ಈಗ ಅವನು ಅರ್ಜಿಯಲ್ಲಿ ನಮ್ಮ ಮನೆಯ ವಿಳಾಸ ಬರೆಯುತ್ತಾನೆ.