‘ಕುದುರಿ ಓಡೂದ್ರಾಗ ಏನೈತ್ರಿ ನೋಡಾಕ?’

ಜತ್ತದ ಸಂತೆಯಲ್ಲಿ ಸಿಕ್ಕವರು, ಅಕ್ಕಲಕೋಟದ ಬಸ್ಸಿನಲ್ಲಿ ಪಕ್ಕ ಕೂತವರು, ಊರಿಗೆ ಬಂದ ನೆಂಟರು, ಎಲ್ಲರದೂ ಇದೇ ಪ್ರಶ್ನೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನು ಓದಿ ಎನ್ನುತ್ತೇನೆ.

ಪ್ರಶ್ನೆಗಿಂತ ಅದರ ಬಾಲಕ್ಕೆ ನನಗೆ ಸಿಟ್ಟು ಬರುತ್ತದೆ. ‘ರೇಸಿನ ಕುದುರಿ ಆಗಿದ್ರ ಬ್ಯಾರೆ ಮಾತು. ಇವು ಕುರುಬರ ತಟ್ಟು ಅಲ್ಲೇನ್ರಿ?’ ಆ ತಟ್ಟಿಗೆ, ಅಂದರೆ ಗಿಡ್ಡ ಕುದುರೆಗೆ, ಭೀಮಥಡಿ ಎಂಬ ಹೆಸರಿದೆ. ಭೀಮಾ ಹೊಳೆಯ ತಡಿಯ ಕುದುರೆ. ಮರಾಠರ ದಂಡಿನಲ್ಲಿ ಓಡಿದ ತಳಿ ಇದು. ಮಾರವಾಡಿ, ಕಾಠಿಯಾವಾಡಿಗಳ ಜತೆ ದೇಶದ ತಳಿಗಳ ಪಟ್ಟಿಯಲ್ಲಿ ಈಗ ಇದೂ ಇದೆ. ದೀಪಾವಳಿ ಮುಗಿದ ಮೇಲೆ ಮೇವು ಹುಡುಕಿ ಹೊರಡುವ ಕುರುಬರ, ಧನಗರರ ಪಾತ್ರೆಪಡಗ, ಹಾಸಿಗೆ, ಕೋಳಿ, ನಡೆಯಲಾರದ ಕುರಿಮರಿ, ಎಲ್ಲವೂ ಇದರ ಬೆನ್ನ ಮೇಲೆಯೇ. ಹೊರೆ ಹೊತ್ತ ಮಾತ್ರಕ್ಕೆ ಕುದುರೆ ಕೀಳಾಗುವುದಿಲ್ಲ.

ಈಗ ಉತ್ತರ. ಓಡುವ ಹಿಂಡನ್ನು ನೋಡುವ ಮುಂಚೆ ಕೇಳಬೇಕು. ನಡಿಗೆಯಲ್ಲಿ ನಾಲ್ಕು ಪೆಟ್ಟು, ಸಮಸಮ. ಕುಕ್ಕುಲೋಟದಲ್ಲಿ ಎದುರುಬದುರು ಮೂಲೆಯ ಕಾಲುಗಳು ಜೋಡಿಯಾಗಿ ಬೀಳುವುದರಿಂದ ಎರಡೇ ಪೆಟ್ಟು. ವೇಗ ಏರಿದರೆ ಮೂರು. ಪೂರ್ತಿ ಬಿಟ್ಟು ಓಡಿದಾಗ ಮತ್ತೆ ನಾಲ್ಕು: ಎಡ ಹಿಂಗಾಲು, ಬಲ ಹಿಂಗಾಲು, ಎಡ ಮುಂಗಾಲು, ಬಲ ಮುಂಗಾಲು, ಆಮೇಲೆ ಒಂದು ಚಣ ಮೌನ. ನಾಗಾಲೋಟ ಎಂಬ ನಮ್ಮ ಮಾತಿನೊಳಗೇ ನಾಲ್ಕು ಕಾಲಿವೆ. ಆ ಮೌನದ ಚಣದಲ್ಲಿ ಕುದುರೆ ನೆಲದ ಮೇಲಿಲ್ಲ. ಹಳೆಯ ಚಿತ್ರಗಳಲ್ಲಿ ಆಗ ಕಾಲುಗಳನ್ನು ಮುಂದಕ್ಕೂ ಹಿಂದಕ್ಕೂ ಚಾಚಿ ಬರೆದಿರುತ್ತಾರೆ. ಅದು ತಪ್ಪು. 1878ರಲ್ಲಿ ಮೈಬ್ರಿಜ್ ಎಂಬ ಛಾಯಾಗ್ರಾಹಕ ಕ್ಯಾಲಿಫೋರ್ನಿಯಾದಲ್ಲಿ ಸಾಲಾಗಿ ಕ್ಯಾಮೆರಾ ಇಟ್ಟು ತೆಗೆದ ಚಿತ್ರಗಳಲ್ಲಿ ನಾಲ್ಕೂ ಕಾಲು ಹೊಟ್ಟೆಯ ಕೆಳಗೆ ಮಡಚಿಕೊಂಡಿರುವುದು ಕಂಡಿತು.

ಉಸಿರನ್ನೂ ಕೇಳಿ. ನಾಗಾಲೋಟದಲ್ಲಿ ಒಂದು ನೆಗೆತಕ್ಕೆ ಒಂದೇ ಉಸಿರು, ಅದೂ ಮೂಗಿನಿಂದ ಮಾತ್ರ. ಕುದುರೆ ಬಾಯಿಂದ ಉಸಿರಾಡಲಾರದು. ಮೈ ಮೇಲೆದ್ದಾಗ ಒಳಕ್ಕೆ, ಮುಂಗಾಲು ನೆಲ ಮುಟ್ಟಿದಾಗ ಹೊರಕ್ಕೆ. ಹತ್ತು ಕುದುರೆ ಬಂದರೆ ಗೊರಸಿನ ಸದ್ದಿನ ಮೇಲೆ ಹತ್ತು ತಿದಿ ಒತ್ತಿದ ಹಾಗೆ ಕೇಳುತ್ತದೆ. ಇಷ್ಟೆಲ್ಲ ನಡೆಯುವಾಗ ಒಂದಕ್ಕೊಂದು ಡಿಕ್ಕಿ ಹೊಡೆಯುವುದಿಲ್ಲ ಎನ್ನುವುದೇ ನನ್ನ ಪಾಲಿಗೆ ದೊಡ್ಡ ಸಂತೋಷ. ಕಣ್ಣು ತಲೆಯ ಎರಡು ಮಗ್ಗುಲಲ್ಲಿ ಇರುವುದರಿಂದ ನೇರ ಬೆನ್ನ ಹಿಂದೆ ಮತ್ತು ಹಣೆಯ ಮುಂದೆ ಚೂರು ಬಿಟ್ಟರೆ ಸುತ್ತಲೂ ಕಾಣುತ್ತದೆ. ಮುಂದಿನದು ಕಿವಿ ತಿರುಗಿಸಿದರೆ ಸಾಕು, ಪಕ್ಕದ್ದು ವಾಲುತ್ತದೆ. ಮರಿ ತಾಯಿಯ ಪಕ್ಕೆ ಬಿಡುವುದಿಲ್ಲ.

ಇಷ್ಟು ಹೇಳಿದ ಮೇಲೆ ಕೇಳುವುದು ‘ತಾಸಿಗೆ ಎಷ್ಟು ಕಿಲೋಮೀಟರ್?’ ಅದು ಬೈಕಿಗೆ ಕೇಳುವ ಮಾತು. ಕೇಳಬೇಕಾದ್ದು ಬೇರೆ ಇದೆ: ಮೇಯುವ ಕುದುರೆಯ ಕಾಲಿಗೆ ಹಗ್ಗ ಯಾಕೆ, ಅದನ್ನು ಬಿಚ್ಚುವುದು ಯಾವಾಗ?

ಸುತ್ತ ಕಬ್ಬು, ಜೋಳ ನಿಂತಿರುತ್ತದೆ. ಹೊಲಕ್ಕೆ ನುಗ್ಗಿದರೆ ರೈತನ ಜತೆ ಜಗಳ ಮಾತ್ರವಲ್ಲ, ಕುದುರೆಯ ಜೀವಕ್ಕೂ ಕುತ್ತು. ಅದರ ಜಠರ ಚಿಕ್ಕದು. ದಿನದ ಹದಿನಾಲ್ಕು ಹದಿನಾರು ತಾಸು ಹುಲ್ಲನ್ನು ಸ್ವಲ್ಪ ಸ್ವಲ್ಪವೇ ಮೇಯಲು ಆದ ಹೊಟ್ಟೆ ಅದು. ಒಮ್ಮೆಗೇ ಕಾಳು ತುಂಬಿಕೊಂಡರೆ ಹೊಟ್ಟೆಶೂಲೆ ಬರುತ್ತದೆ, ವಾಂತಿ ಮಾಡಿ ಹಗುರಾಗಲೂ ಆಗದು. ಅದನ್ನು ದಾಟಿ ಉಳಿದರೂ ಗೊರಸಿನೊಳಗೆ ಬಾವು ಬಂದು ಕುಂಟಾಗಬಹುದು. ಅದಕ್ಕೇ ಎರಡು ಮುಂಗಾಲಿನ ನಡುವೆ ಗೇಣುದ್ದ ಬಿಟ್ಟು, ಗೊರಸಿನ ಮೇಲಿನ ಸಪೂರ ಜಾಗಕ್ಕೆ ಕಟ್ಟುವುದು. ಹಗ್ಗದೊಳಗೆ ಎರಡು ಬೆರಳು ಸಡಿಲಾಗಿ ಹೋಗಬೇಕು. ನೈಲಾನ್ ಹಗ್ಗ ಬೇಡವೇ ಬೇಡ, ಒಂದೇ ದಿನದಲ್ಲಿ ಚರ್ಮ ಕೊಯ್ಯುತ್ತದೆ. ಹಳೆ ಬಟ್ಟೆ ಹೆಣೆದ ಅಗಲ ಪಟ್ಟಿ ಒಳ್ಳೆಯದು. ನಾರಿನ ಹಗ್ಗ ನೆನೆದರೆ ಬಿಗಿಯುತ್ತದೆ, ಮಳೆ ಬಂದ ಮೇಲೆ ಮತ್ತೆ ಬೆರಳು ಹಾಕಿ ನೋಡಬೇಕು. ಕಾಲುವೆಯ ಬಳಿ ಕಾಲು ಕಟ್ಟಿ ಬಿಡಲೇಬಾರದು. ಜಾರಿದರೆ ಈಜಲಾರದು.

ಬಿಚ್ಚುವುದು ಬೆಳೆ ಇಲ್ಲದ ಬಯಲಿನಲ್ಲಿ, ಬೆಳಗಿನ ಚಳಿಯಲ್ಲಾದರೆ ಇನ್ನೂ ಒಳ್ಳೆಯದು. ಹಿಂದಿನ ದಿನ ನೆಲ ನೋಡಿಕೊಳ್ಳಿ. ಬೇಸಗೆಯ ಎರೆ ಹೊಲದಲ್ಲಿ ಬಿರುಕಿರುತ್ತದೆ, ಅದರೊಳಗೆ ಕಾಲು ಸಿಕ್ಕರೆ ಮುರಿಯುತ್ತದೆ. ಹರಿದು ಬಿದ್ದ ಬೇಲಿ ತಂತಿ ಇನ್ನೂ ಕೆಟ್ಟದ್ದು. ನೋಡುವವರು ಅರವತ್ತು ಎಪ್ಪತ್ತು ಹೆಜ್ಜೆ ದೂರ, ಮಗ್ಗುಲಿಗೆ, ಕಾಣುವ ಹಾಗೆ ನಿಲ್ಲಬೇಕು. ಗಿಡದ ಹಿಂದೆ ಅಡಗಿ ಒಮ್ಮೆಲೇ ಎದ್ದರೆ ಹಿಂಡು ಬೆದರುತ್ತದೆ. ಶಿಳ್ಳೆ, ಚಪ್ಪಾಳೆ, ಡ್ರೋನ್ ಬೇಡ. ಬೆದರಿ ಓಡುವುದು ಬೇರೆ, ಖುಷಿಗೆ ಓಡುವುದು ಬೇರೆ. ಬೆದರಿದ್ದು ಕಣ್ಣಿನ ಬಿಳಿ ತೋರಿಸುತ್ತ ಒತ್ತೊತ್ತಾಗಿ ಓಡುತ್ತದೆ, ಮರಿ ಹಿಂದೆ ಬೀಳುತ್ತದೆ. ಖುಷಿಯದ್ದು ಬಾಲ ಎತ್ತಿ, ನಡುವೆ ಹಿಂಗಾಲು ಝಾಡಿಸಿ, ದೊಡ್ಡ ಸುತ್ತು ಹೊಡೆದು ಬರುತ್ತದೆ.

ಹಗ್ಗ ಬಿಚ್ಚಿದ ತಕ್ಷಣ ಓಡುತ್ತವೆ ಅಂದುಕೊಳ್ಳಬೇಡಿ. ಮೊದಲು ಧೂಳಿನಲ್ಲಿ ಹೊರಳುತ್ತವೆ, ಎದ್ದು ಮೈ ಕೊಡವಿ ಮೂಗಿನಲ್ಲಿ ಬುಸುಗುಟ್ಟುತ್ತವೆ. ಎಳೆಯದೊಂದು ಜಿಗಿಯುತ್ತದೆ, ಇನ್ನೊಂದು ಅದರ ಹಿಂದೆ, ನೋಡನೋಡುತ್ತ ಇಡೀ ಹಿಂಡು. ಹತ್ತು ನಿಮಿಷದಲ್ಲಿ ಎಲ್ಲ ಮುಗಿದಿರುತ್ತದೆ. ಕುತ್ತಿಗೆಯ ಬೆವರಲ್ಲಿ ಬಿಳಿ ನೊರೆ, ಹಿಗ್ಗಿದ ಹೊಳ್ಳೆ. ಒಂದು ತಲೆ ಬಗ್ಗಿಸಿ ಹುಲ್ಲಿಗೆ ಬಾಯಿ ಹಾಕಿದರೆ ಉಳಿದವೂ ಬಗ್ಗುತ್ತವೆ. ಮರಿ ತಾಯಿಯ ಹೊಟ್ಟೆಯ ಕೆಳಗೆ ಮೂತಿ ತೂರಿಸಿ ಹಾಲು ಕುಡಿಯುತ್ತದೆ.