ವಾಂಕಾನ ಕಾಗದ: ಅನುವಾದ ಎಲ್ಲಿಗೆ ಬಂತು

ಮೊದಲ ವಾರ

ರಷ್ಯನ್ ಕತೆಗಾರ ಚೆಕಾಫನ ‘ವಾಂಕಾ’ ಕತೆಯನ್ನು ಕನ್ನಡಕ್ಕೆ ತರಲು ಕೂತಿದ್ದೇನೆ. ಅಚ್ಚು ಹಾಕಿಸಲು ಅಲ್ಲ, ಸುಮ್ನೆ ನನ್ನ ಖುಷಿಗೆ. ನಾಲ್ಕೈದು ಪುಟದ ಕತೆ, ಒಂದು ವಾರ ಸಾಕು ಅಂದುಕೊಂಡಿದ್ದೆ. ಮೊದಲ ಪ್ಯಾರಾದಲ್ಲೇ ಸಿಕ್ಕಿಬಿದ್ದೆ.

ವಾಂಕಾಗೆ ಒಂಬತ್ತು ವರ್ಷ. ಮಾಸ್ಕೋದಲ್ಲಿ ಬೂಟು ಹೊಲಿಯುವ ಅಲ್ಯಾಖಿನ್ ಎಂಬವನ ಹತ್ತಿರ ಕೆಲಸಕ್ಕೆ ಬಿಟ್ಟಿದ್ದಾರೆ. ಕ್ರಿಸ್‌ಮಸ್ ಹಿಂದಿನ ರಾತ್ರಿ ಎಲ್ಲರೂ ಚರ್ಚಿಗೆ ಹೋಗುವುದನ್ನೇ ಕಾದು, ಮಸಿಕುಡಿಕೆ, ತುಕ್ಕು ಹಿಡಿದ ನಿಬ್ಬಿನ ಪೆನ್ನು ತೆಗೆಯುತ್ತಾನೆ. ಮುದುರಿದ ಹಾಳೆಯನ್ನು ಬೆಂಚಿನ ಮೇಲೆ ಹರಡಿ, ನೆಲಕ್ಕೆ ಮೊಣಕಾಲೂರಿ, ಅಜ್ಜನಿಗೆ ಬರೆಯುತ್ತಾನೆ.

1982ರಲ್ಲಿ ನನಗೆ ಹನ್ನೊಂದು. ಮುಂಬೈಯ ಒಂದು ಉಡುಪಿ ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದೆ. ಶಟರ್ ಎಳೆದ ಮೇಲೆ ಅದೇ ಟೇಬಲ್ ಮೇಲೆ ಇನ್‌ಲ್ಯಾಂಡ್ ಲೆಟರ್ ಇಟ್ಟು ಬರೆಯುವುದು. ಎಷ್ಟು ಒರೆಸಿದರೂ ಸ್ವಲ್ಪ ಒದ್ದೆ ಇರುತ್ತಿತ್ತು, ಮೂಲೆಯಲ್ಲಿ ಮಸಿ ಹರಡುತ್ತಿತ್ತು.

ಮೂರನೇ ವಾರ

ಮೀನಿನ ಜಗಳ. ಯಜಮಾನಿ ಹೆರಿಂಗ್ ಮೀನು ಶುಚಿ ಮಾಡಲು ಹೇಳುತ್ತಾಳೆ. ಹುಡುಗ ಬಾಲದ ಕಡೆಯಿಂದ ಶುರು ಮಾಡುತ್ತಾನೆ. ಅವಳು ಅದೇ ಮೀನಿನ ಮೂತಿಯಿಂದ ಅವನ ಮುಖಕ್ಕೆ ತಿವಿಯುತ್ತಾಳೆ. ಹೆರಿಂಗ್ ನಮ್ಮ ಬೂತಾಯಿಯ ನೆಂಟನೇ. ‘ಬೂತಾಯಿ’ ಅಂತ ಬರೆದೆ, ಹೊಡೆದು ಹಾಕಿದೆ, ಮತ್ತೆ ಬರೆದೆ. ಕೊನೆಗೆ ಹೆರಿಂಗೇ ಇರಲಿ ಅಂತ ಬಿಟ್ಟೆ. ಬೂತಾಯಿ ಅಂದರೆ ನಮ್ಮ ಮನೆ ಹಿತ್ತಿಲು ಬಂದುಬಿಡುತ್ತದೆ. ಅಲ್ಲಿ ನನಗೆ ಯಾರೂ ಹೊಡೆದಿಲ್ಲ.

ನಾಲ್ಕನೇ ವಾರ

ಅನುವಾದ ಬದಿಗಿಟ್ಟು ಚೆಕಾಫನ ಬಾಲ್ಯ ಓದಿದೆ. ಹುಟ್ಟಿದ್ದು 1860, ತಗನ್ರೋಗ್ ಎಂಬ ಬಂದರು ಊರಿನಲ್ಲಿ. ಅಪ್ಪನದು ದಿನಸಿ ಅಂಗಡಿ. ಮಗ ಗಲ್ಲಾದ ಹಿಂದೆ ಕೂತು ಚಳಿಯಲ್ಲಿ ನಡುಗುತ್ತಾ ಪಾಠ ಓದಬೇಕಿತ್ತು. ಅಪ್ಪ ಹೊಡೆಯುತ್ತಿದ್ದ. ಅದೇ ಅಂಗಡಿಯಲ್ಲಿ ಕೆಲಸ ಕಲಿಯಲು ಬಿಟ್ಟ ಇಬ್ಬರು ಹುಡುಗರಿದ್ದರು, ಅಂದ್ರ್ಯುಷ್ಕಾ ಮತ್ತು ಗವ್ರ್ಯುಷ್ಕಾ. ಅಂದರೆ ವಾಂಕಾನಂಥವರು ಅವನ ಮನೆಯಲ್ಲೇ ಇದ್ದರು! 1876ರಲ್ಲಿ ಅಪ್ಪ ದಿವಾಳಿಯಾಗಿ ಮಾಸ್ಕೋಗೆ ಓಡಿಹೋದ. ಚೆಕಾಫ್ ಮೂರು ವರ್ಷ ಊರಲ್ಲೇ ಉಳಿದು, ಟ್ಯೂಷನ್ ಹೇಳಿ ಓದು ಮುಗಿಸಿದ. ‘ವಾಂಕಾ’ ಅಚ್ಚಾದದ್ದು 1886ರ ಕ್ರಿಸ್‌ಮಸ್‌ಗೆ, ಒಂದು ಪತ್ರಿಕೆಯಲ್ಲಿ. ಆಗ ಅವನಿಗೆ 26, ಡಾಕ್ಟರ್ ಆಗಿ ಎರಡು ವರ್ಷ. ಹಬ್ಬದ ಸಂಚಿಕೆಗೆ ಇಂಥ ಕತೆ ಕೊಟ್ಟಿದ್ದಾನಲ್ಲ ಪುಣ್ಯಾತ್ಮ.

ಆರನೇ ವಾರ

ನನಗೆ ರಷ್ಯನ್ ಬರುವುದಿಲ್ಲ. ಅಕ್ಷರ ಕಲಿತು, ಡಿಕ್ಷನರಿ ಹಿಡಿದು, ಇಂಗ್ಲಿಷ್ ಅನುವಾದದ ಪಕ್ಕ ಮೂಲ ಇಟ್ಟುಕೊಂಡು ಒದ್ದಾಡುತ್ತಿದ್ದೇನೆ. ಹಾಗೆ ಒದ್ದಾಡುವಾಗಲೇ ಒಂದು ಸಿಕ್ಕಿತು. ಕಾಗದದ ಶುರುವಿನಲ್ಲೇ ವಾಂಕಾ ಒಮ್ಮೆ ‘ನಿನಗೆ’ ಅನ್ನುತ್ತಾನೆ, ಮರು ವಾಕ್ಯದಲ್ಲೇ ‘ನಿಮಗೆ’, ಮತ್ತೆ ‘ನಿನಗೆ’. ಅಜ್ಜನ ಜೊತೆ ಮಾತಾಡುವ ಹುಡುಗ ಒಬ್ಬ, ಕಾಗದದ ರೀತಿ ನೀತಿ ಕಲಿತ ಹುಡುಗ ಇನ್ನೊಬ್ಬ. ಇಂಗ್ಲಿಷಿನಲ್ಲಿ ಎರಡೂ ಒಂದೇ ಆಗಿಹೋಗಿತ್ತು. ಕನ್ನಡದಲ್ಲಿ ಹಾಗೇ ಕೂತಿತು: ‘ನಿನಗೆ ಕಾಗದ ಬರೆಯುತ್ತಿದ್ದೇನೆ. ನಿಮಗೆ ಕ್ರಿಸ್‌ಮಸ್ ಶುಭಾಶಯಗಳು.’ ಆ ದಿನ ಇಡೀ ಹಿಗ್ಗಿದ್ದೆ.

ಎಂಟನೇ ವಾರ

ವಿಳಾಸದ ಸಾಲು ಮುಗಿಯಿತು. ‘ಹಳ್ಳಿಯಲ್ಲಿರುವ ಅಜ್ಜನಿಗೆ’ ಅಂತ ಬರೆದು, ತಲೆ ಕೆರೆದು, ಹೆಸರನ್ನೂ ಸೇರಿಸುತ್ತಾನೆ. ಊರಿನ ಹೆಸರಿಲ್ಲ. ಬೆಲ್ಟಿನ ಏಟು, ತಲೆಗೆ ಬಿದ್ದ ಮರದ ಅಚ್ಚಿನ ಪೆಟ್ಟು, ಎಲ್ಲ ನಿಜ ಬರೆದಿದ್ದಾನೆ. ಆದರೆ ಕಾಗದ ತಲುಪುವುದಿಲ್ಲ.

ನನ್ನದು ಉಲ್ಟಾ. ವಿಳಾಸ ಪಿನ್‌ಕೋಡ್ ಸಮೇತ ಸರಿ ಇರುತ್ತಿತ್ತು. ಒಳಗೆ ಇದ್ದದ್ದು ಸುಳ್ಳು. ಕಳೆದ ವಾರ ಅಕ್ಕ ಟ್ರಂಕಿನಿಂದ ಒಂದು ಹುಡುಕಿ ಕೊಟ್ಟಳು. ‘ಊಟ ಚೆನ್ನಾಗಿದೆ. ದಪ್ಪ ಆಗಿದ್ದೇನೆ. ಯಜಮಾನರು ಒಳ್ಳೆಯವರು.’ ಆ ವಾರ ಗ್ಲಾಸು ಒಡೆದದ್ದಕ್ಕೆ ಕೆನ್ನೆ ಊದಿತ್ತು.

ಈಗ ಉಳಿದದ್ದು ಕೊನೆಯ ಪ್ಯಾರಾ, ವಾಂಕಾನ ಕನಸು. ಮೇಲೆ ಹತ್ತಿ ಕೂರಲು, ಮಲಗಲು ಆಗುವಂಥ ದೊಡ್ಡ ರಷ್ಯನ್ ಒಲೆಯ ಮೇಲೆ ಅಜ್ಜ ಕಾಲು ಇಳಿಬಿಟ್ಟು ಕೂತಿದ್ದಾನೆ, ಅಡುಗೆಯವರ ಮುಂದೆ ಕಾಗದ ಓದುತ್ತಿದ್ದಾನೆ. ಮೊದಲ ಕರಡಿನಲ್ಲಿ ‘ಓದುತ್ತಾನೆ’ ಅಂತಿತ್ತು. ನಿನ್ನೆ ಅದನ್ನು ‘ಓದಿ ಹೇಳುತ್ತಾನೆ’ ಅಂತ ಮಾಡಿದೆ. ಅಮ್ಮನಿಗೆ ಓದು ಬರುತ್ತಿರಲಿಲ್ಲ. ನನ್ನ ಕಾಗದವನ್ನು ಪೋಸ್ಟ್‌ಮ್ಯಾನೇ ಜಗಲಿಯಲ್ಲಿ ಕೂತು ಓದಿ ಹೇಳುತ್ತಿದ್ದ.